ಸ್ವರ ಮುಚ್ಚುವ ಬೆರಳು

ತೋಡಾರಿನಲ್ಲಿ ಬಸ್ಸಿಳಿದು ಮನೆಯ ತಿರುವಿಗೆ ಬರುವಷ್ಟರಲ್ಲಿ ಶಬ್ನಾಳಿಗೆ ಆ ದಿನದ ತೀರ್ಪು ಗೊತ್ತಾಗಿಬಿಡುತ್ತಿತ್ತು. ಚಾವಡಿಯ ದೀಪ ಉರಿಯುತ್ತಿದ್ದರೆ ಮಗು ಎಚ್ಚರವಿದೆ, ಆರಿದ್ದರೆ ಮಲಗಿದೆ. ಎರಡು ಸಾವಿರದ ಏಳರ ಆ ಮಳೆಗಾಲದಲ್ಲಿ ದೀಪ ಹೆಚ್ಚಾಗಿ ಆರಿಯೇ ಇರುತ್ತಿತ್ತು. ಸದ್ದಾಗದ ಹಾಗೆ ಚಪ್ಪಲಿ ಬಿಟ್ಟು, ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ ಒಳಗೆ ಬಂದರೆ ಅತ್ತೆ ಖದೀಜ ತುಟಿಗೆ ಬೆರಳಿಟ್ಟು, ಈಗಷ್ಟೇ ಮಲಗಿದ್ದು ಎನ್ನುತ್ತಿದ್ದರು. ದಿನವೂ ಅದೇ ಮಾತು. ಮಗು ಮಲಗಿ ಬಹಳ ಹೊತ್ತಾಗಿರುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತು. ಸೊಸೆಗೆ ನೋವಾಗಬಾರದೆಂದು ಅತ್ತೆ ಹೇಳುವ ಆ ಸಣ್ಣ ಸುಳ್ಳೇ ಶಬ್ನಾಳಿಗೆ ಹೆಚ್ಚು ನೋಯುತ್ತಿತ್ತು.

ಮಗಳು ಶಹಲಾಳಿಗೆ ಒಂದೂವರೆ ವರ್ಷ. ಮಾತು ಆಗತಾನೇ ಬರತೊಡಗಿತ್ತು. ತಾಯಿಯನ್ನು ಕರೆಯಬೇಕಾದ ‘ಉಮ್ಮ’ ಎಂಬ ಮಾತಿನಿಂದ ಅಜ್ಜಿಯನ್ನು ಕರೆಯುತ್ತಿದ್ದಳು. ಹೆತ್ತವಳನ್ನು ಮನೆಯವರೆಲ್ಲ ಕರೆಯುವ ಹಾಗೆ ‘ಸಬ್ನಾ’ ಎನ್ನುತ್ತಿದ್ದಳು. ಅಜ್ಮಲ್ ಅದನ್ನು ಕೇಳಿ, ಇವಳು ನಿನ್ನನ್ನು ಕಾಲೇಜಿನಿಂದ ಬಂದ ಯಾರೋ ಟೀಚರ್ ಅಂತ ತಿಳಿದುಕೊಂಡಿದ್ದಾಳೆ ಎಂದು ಹೆಂಡತಿಯನ್ನು ಕೀಟಲೆ ಮಾಡುತ್ತಿದ್ದ. ಶಬ್ನಾಳೂ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ, ಬಟ್ಟೆ ಒಣಗಿದೆಯೋ ನೋಡುವ ನೆಪದಲ್ಲಿ ಹಿಂದಿನ ಜಗಲಿಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಅವಳು ಹುಟ್ಟಿ ಬೆಳೆದದ್ದು ಬಂಟ್ವಾಳ ಪೇಟೆಯಲ್ಲಿ. ತಂದೆ ಅಬ್ದುಲ್ ಶುಕೂರ್ ಅಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಮುಂದುಗಡೆ ಕ್ಯಾಸೆಟ್ಟುಗಳ ಮಾರಾಟ. ತೊಂಬತ್ತರ ಆ ವರ್ಷಗಳಲ್ಲಿ ಗಲ್ಫಿನಲ್ಲಿರುವ ಗಂಡಂದಿರು ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದಿತ್ತು. ಟೇಪು ಸಿಕ್ಕಿಹಾಕಿಕೊಂಡು ಹರಿದರೆ ಹೆಂಗಸರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶುಕೂರರ ಅಂಗಡಿಗೆ ತರುತ್ತಿದ್ದರು. ಶಾಲೆ ಬಿಟ್ಟು ಬಂದ ಶಬ್ನಾ ಹರಿದ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದಳು. ಸರಿಯಾಯಿತೋ ಎಂದು ಕೇಳಿ ನೋಡುವಾಗ ಅಂಟಿಸಿದ ಜಾಗವನ್ನಷ್ಟೇ ಕೇಳಬೇಕು, ಮುಂದಿನ ಮಾತು ನಮ್ಮದಲ್ಲ, ಬೆರಳು ಗುಂಡಿಯ ಮೇಲೇ ಇರಲಿ ಎಂದು ತಂದೆ ಕಲಿಸಿದ್ದರು. ಮುಂದೆ ಬಿ.ಸಿ. ರೋಡಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು. ಮೂಡುಬಿದಿರೆಯಲ್ಲಿ ಚಪ್ಪಲಿ ಅಂಗಡಿ ಇದ್ದ ಅಜ್ಮಲ್‌ನನ್ನು ಮದುವೆಯಾಗಿ ತೋಡಾರಿಗೆ ಬಂದಳು. ಮದುವೆಯ ಮರುವರ್ಷ ಮೂಡುಬಿದಿರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂಬತ್ತರಿಂದ ನಾಲ್ಕು. ನಾಲ್ಕೂವರೆಗೆ ಮನೆ. ಅದೊಂದು ಕಾಲ.

ಶಹಲಾ ಹುಟ್ಟಿ, ರಜೆ ಮುಗಿಸಿ ಶಬ್ನಾ ತಿರುಗಿ ಕೆಲಸಕ್ಕೆ ಹೋಗುವ ಹೊತ್ತಿಗೆ ಕಾಲೇಜಿನಲ್ಲಿ ಹೊಸ ಕ್ಲಾಸು ಶುರುವಾಗಿತ್ತು. ಮದುವೆ, ಮಕ್ಕಳು, ದುಡಿಮೆ ಎಂದು ಓದು ಬಿಟ್ಟವರಿಗೆ ಶನಿವಾರ ಭಾನುವಾರಗಳಲ್ಲಿ ಬಿ.ಎ. ಪಾಠ. ಮೂಡುಬಿದಿರೆಯಲ್ಲಿ ಇರುವವರು ಕ್ಲಾಸಿಗೇ ಬಂದು ಕೂರುವುದು. ಬೆಳ್ತಂಗಡಿ ಕಡೆಯವರಿಗೆ ಲಾಯಿಲದಲ್ಲಿ ಒಂದು ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದು, ಕಂಪ್ಯೂಟರೂ ಸ್ಪೀಕರೂ ಮೈಕೂ ಇಟ್ಟು, ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಅದೇ ಪಾಠವನ್ನು ಅದೇ ಹೊತ್ತಿಗೆ ಕೇಳಿಸುವುದು. ಬಂಟ್ವಾಳದವರಿಗೆ ಪಾಠದ ಸೀಡಿ ಮಾಡಿ, ಸಿದ್ಧಕಟ್ಟೆ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು. ಯೋಜನೆ ಹಾಕಿದವರು ಕೃಷ್ಣಪ್ರಸಾದ್, ಕಾಮರ್ಸ್ ವಿಭಾಗದ ತರುಣ ಉಪನ್ಯಾಸಕರು. ಪಾಠ ಮಾಡುವವರು ಪಾಠ ಮಾಡಲಿ, ಉಳಿದದ್ದನ್ನು ಶಬ್ನಾ ನೋಡಿಕೊಳ್ಳುತ್ತಾರೆ ಎಂದು ಅವರು ಮೀಟಿಂಗಿನಲ್ಲಿ ಹೇಳಿದ್ದರು. ಉಳಿದದ್ದು ಎಂದರೆ ಎಷ್ಟು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅದರಲ್ಲಿ ದೊಡ್ಡ ಪಾಲು ಉಪನ್ಯಾಸಕರದ್ದೇ. ಅರ್ಥಶಾಸ್ತ್ರದ ಶುಭಶ್ರೀ ಮೇಡಂ ಮೈಕ್ ಕಂಡ ಕೂಡಲೇ ಹೊಳೆಯ ಆಚೆ ದಡದವರನ್ನು ಕೂಗುವವರ ಹಾಗೆ ಕಿರಿಚುತ್ತಿದ್ದರು. ಮೆಲ್ಲ ಹೇಳಿದರೂ ಕೇಳುತ್ತದೆ ಮೇಡಂ ಎಂದರೆ, ಅಷ್ಟು ದೂರ ಉಂಟಲ್ವಾ ಲಾಯಿಲ ಎನ್ನುತ್ತಿದ್ದರು. ಇನ್ನೊಬ್ಬರು ಕ್ಯಾಮರಾದ ಎದುರು ಉಸಿರು ಬಿಗಿಹಿಡಿದು ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಕೂರುತ್ತಿದ್ದರು. ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿ, ಹೆದರಿಕೆ ಬಿಡಿಸಿ, ಅವರ ಟಿಪ್ಪಣಿಗಳನ್ನು ಪರದೆಯ ಮೇಲೆ ಓದಲು ಬರುವ ಹಾಗೆ ಟೈಪ್ ಮಾಡಿ, ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎಂದು ಅವರು ಹೇಳಿದಾಗ ಹೌದು ಸರ್ ಎನ್ನುವುದೂ ಅವಳ ಕೆಲಸದಲ್ಲಿ ಸೇರಿತ್ತು.

ಶನಿ ಭಾನು ಕ್ಲಾಸು. ವಾರದ ನಡುವೆ ಲಾಯಿಲಕ್ಕೆ, ಬಂಟ್ವಾಳಕ್ಕೆ ಓಡಾಟ. ಲಾಯಿಲದಲ್ಲಿ ಸಿಡಿಲು ಬಂದರೆ ಟೆಲಿಫೋನ್ ತಂತಿ ಬಿಚ್ಚಿಡಬೇಕೆಂದು ಮಹಡಿಯ ಬೀಗ ತೆಗೆಯುವ ಹುಕ್ರಪ್ಪನಿಗೆ ಎಷ್ಟು ಹೇಳಿದರೂ ಅವನು ಕರೆಂಟಿನ ತಂತಿ ಮಾತ್ರ ಬಿಚ್ಚುತ್ತಿದ್ದ. ಮೋಡೆಂ ಸುಟ್ಟಿತು ಎಂದು ಫೋನು. ಇನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ಶಬ್ನಾ ವೇಣೂರು, ಗುರುವಾಯನಕೆರೆ ಮೇಲೆ ಬಸ್ಸಿನಲ್ಲಿ ಹೋಗುವುದು. ಮರಳುವಾಗ ನಿದ್ದೆ ಬಂದು ತಲೆ ಕಿಟಕಿಯ ಸರಳಿಗೆ ಬಡಿಯುವುದು.

ಶಬ್ನಾ ಒಂದು ಮಾತನ್ನು ಹಿಡಿದುಕೊಂಡು ಈ ದಿನಗಳನ್ನು ದಾಟುತ್ತಿದ್ದಳು. ಡಿಸೆಂಬರ್ ಕಳೆಯುವವರೆಗೆ ಲಾಯಿಲದ ಕ್ಲಾಸು ತಡೆಯಿಲ್ಲದೆ ನಡೆದರೆ ಸಾಕು, ಯೂನಿವರ್ಸಿಟಿಯವರು ಬಂದು ನೋಡಿ ಒಪ್ಪುತ್ತಾರೆ, ಆಮೇಲೆ ಅಲ್ಲಿಗೆ ಬೇರೆ ಜನ ಹಾಕುತ್ತೇವೆ, ನಿಮಗೆ ಮೂಡುಬಿದಿರೆ ಮಾತ್ರ, ನಾಲ್ಕು ಗಂಟೆಗೆ ಹೋಗಿ ಮಗುವನ್ನು ನೋಡಿಕೊಳ್ಳಿ ಎಂದು ಕೃಷ್ಣಪ್ರಸಾದ್ ಹೇಳಿದ್ದರು. ಲಾಯಿಲದ್ದು ನಿಂತರೆ ಬಂಟ್ವಾಳದ ಹಾಗೆ ಅಲ್ಲಿಗೂ ಸೀಡಿಯೇ ಗತಿ, ಎರಡೂ ಕಡೆ ಸೀಡಿ ಹಿಡಿದುಕೊಂಡು ನೀವೇ ಹೋಗಿ ತೋರಿಸಬೇಕಾಗುತ್ತದೆ ಎಂದೂ ಹೇಳಿದ್ದರು. ಹಾಗಾಗಿ ಲಾಯಿಲದ ಮಹಡಿಯಲ್ಲಿ ಹೆಂಗಸರು ಬಂದು ಕೂರುವುದಕ್ಕೂ ತೋಡಾರಿನಲ್ಲಿ ಶಹಲಾ ತಾಯಿಯ ಮುಖ ನೋಡಿ ಮಲಗುವುದಕ್ಕೂ ಗಂಟು ಬಿದ್ದಿತ್ತು.

ಉಪನ್ಯಾಸಕರಲ್ಲಿ ಎಲ್ಲರಿಗಿಂತ ಕಷ್ಟದವರು ಇತಿಹಾಸದ ಉದಯಶಂಕರ ಸರ್. ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡುವವರೂ ಅವರೇ. ಐವತ್ತು ದಾಟಿದ್ದರು. ಪಾಠ ಮಾಡುತ್ತಾ ನಡೆಯುತ್ತಾ ಹಿಂದಿನ ಬೆಂಚಿನವರೆಗೆ ಹೋಗಿ, ಅಲ್ಲಿ ಯಾರದೋ ಭುಜ ತಟ್ಟಿ ತಿರುಗಿ ಬರುವುದು ಅವರ ಇಷ್ಟು ವರ್ಷದ ರೂಢಿ. ಅವರು ನಡೆದರೆ ಲಾಯಿಲದವರಿಗೆ ಕಾಣುವುದು ಖಾಲಿ ಕರಿಹಲಗೆ. ಶಬ್ನಾ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದು, ಇದರ ಒಳಗೆ ನಿಲ್ಲಿ ಸರ್ ಎಂದಳು.

"ರಂಗಸ್ಥಳ ಬರೆದಿದ್ದೀ. ಇನ್ನು ಚೆಂಡೆ ಒಂದು ಬಾಕಿ ಮಾರಾಯ್ತಿ," ಎಂದರು ಅವರು. ಸ್ವಲ್ಪ ಹೊತ್ತು ನಿಂತರು ಕೂಡ. ಆಮೇಲೆ ಅವರ ಕಾಲಿಗೆ ಅದು ಮರೆತುಹೋಯಿತು.

ಅವರಿಗೆ ಇನ್ನೊಂದು ರೂಢಿ ಇತ್ತು. ಅದು ಅವರೊಬ್ಬರದ್ದಲ್ಲ, ಈ ಊರಿನ ಎಲ್ಲ ಮೇಷ್ಟ್ರುಗಳದ್ದು. ಪಾಠ ಕನ್ನಡದಲ್ಲಿ. ನಡುವೆ ತುಳುವಿಗೆ ಹೊರಳಿದರೆ ಅದು ಪಾಠದ ಹೊರಗಿನ ಮಾತು. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳುವುದೂ ಇಲ್ಲ. ಕನ್ನಡದಲ್ಲಿ ಬೈದರೆ ಬೈಗುಳ, ತುಳುವಿನಲ್ಲಿ ಬೈದರೆ ಸಲಿಗೆ. ಬೆಂಗಳೂರಿನಿಂದ ತಪಾಸಣೆಗೆ ಬಂದವರು ಎದುರಿಗೇ ಕೂತಿದ್ದರೂ ಆ ಫೈಲು ತರಬೇಡ, ಈ ಫೈಲು ತಾ ಎಂದು ತುಳುವಿನಲ್ಲಿ ಹೇಳಿ ಸುಧಾರಿಸುವುದು ಸ್ಟಾಫ್ ರೂಮಿನ ಹಳೆಯ ವಿದ್ಯೆ. ಉದಯಶಂಕರರ ಲೆಕ್ಕದಲ್ಲಿ ಆ ಮೈಕೂ ಕಂಪ್ಯೂಟರೂ ಬೆಂಗಳೂರಿನಿಂದ ಬಂದ ಅಂಥದೇ ಒಬ್ಬ ಅಧಿಕಾರಿ. ಅದಕ್ಕೆ ತುಳು ಎಲ್ಲಿ ಬರಬೇಕು?

ಈ ತಪ್ಪು ಲೆಕ್ಕ ಇಷ್ಟು ದಿನ ತಾಳೆಯಾಗುತ್ತಾ ಬಂದದ್ದು ಶಬ್ನಾಳ ಬೆರಳಿನಿಂದ. ಮೈಕಿನ ಬುಡದಲ್ಲಿ ಒಂದು ಸಣ್ಣ ಗುಂಡಿ. ಒತ್ತಿದರೆ ಸ್ವರ ನಿಲ್ಲುತ್ತದೆ, ಕೆಂಪು ದೀಪ ಆರುತ್ತದೆ. ಸರ್ ತುಳುವಿಗೆ ಹೊರಳುವ ಸುಳಿವು ಅವರ ಕುತ್ತಿಗೆಯಲ್ಲೇ ತಿಳಿಯುತ್ತಿತ್ತು, ಸ್ವಲ್ಪ ಬಲಕ್ಕೆ ವಾಲುತ್ತಿತ್ತು. ಶಬ್ನಾ ಗುಂಡಿ ಒತ್ತುತ್ತಿದ್ದಳು. ಅವರು ಚಾ ಬಂತಾ ಎಂದು ಕೇಳಿ, ಇಲ್ಲವೇ ಸೀಮೆಸುಣ್ಣದ ಚೌಕಕ್ಕೆ ಒಂದು ಬೈಗುಳ ಹಾಕಿ ಕನ್ನಡಕ್ಕೆ ಮರಳಿದ ಕೂಡಲೇ ಬಿಡುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಡುತ್ತಿದ್ದೇನೆಂದು ಅವಳೂ ಯಾರಿಗೂ ಹೇಳಿರಲಿಲ್ಲ. ಅದೊಂದು ಸಂಗತಿಯೆಂದೇ ಅನ್ನಿಸಿರಲಿಲ್ಲ.

ದಸರಾ ಕಳೆದು, ಮಧ್ಯಾಹ್ನದ ಮೇಲೆ ಗುಡುಗುವ ದಿನಗಳು. ಒಂದು ಶನಿವಾರ ಶಹಲಾಳಿಗೆ ಬೆಳಗ್ಗೆಯೇ ಮೈ ಬಿಸಿಯಿತ್ತು. ಬಿಟ್ಟು ಬಂದದ್ದಾಗಿತ್ತು. ಊಟದ ನಂತರದ ಕ್ಲಾಸು ಉದಯಶಂಕರರದ್ದು, ಬ್ರಿಟಿಷರ ಕಾಲದ ಕಂದಾಯ ಪದ್ಧತಿ. ಸೆಖೆಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಅಂದು ಲಾಯಿಲಕ್ಕೆ ಚಿತ್ರ ಹೋಗುತ್ತಿರಲಿಲ್ಲ, ಸ್ವರ ಮಾತ್ರ ಹೋಗುತ್ತಿತ್ತು. ಲಾಯಿಲದಿಂದ ಸೇಸಮ್ಮ ಎಂಬ ಹೆಂಗಸು ರೈತವಾರಿ ಎಂದರೆ ಏನು ಎಂದು ಕೇಳಿದಳು. ಸರ್ ಹೇಳಿದರು. ಅವಳು ಮತ್ತೆ ಕೇಳಿದಳು. ಮತ್ತೆ ಹೇಳಿದರು. ಆ ಹೊತ್ತಿಗೆ ಶಬ್ನಾಳ ಮೊಬೈಲು ನಡುಗಿತು. ಮನೆಯಿಂದ. ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಜ್ವರ ಏರಿದೆ, ಔಷಧಿ ಕೊಟ್ಟರೆ ಕಾರುತ್ತಿದ್ದಾಳೆ, ಎಂತ ಮಾಡುವುದು ಎಂದು ಖದೀಜ ಕೇಳುತ್ತಿದ್ದರು. ಒದ್ದೆ ಬಟ್ಟೆ ಹಣೆಗೆ ಹಾಕಿ ಮಾಮಿ ಎಂದು ಶಬ್ನಾ ಪಿಸುಗುಟ್ಟುತ್ತಿರುವಾಗ ಸೇಸಮ್ಮ ಮೂರನೆಯ ಸಲ ಕೇಳಿದಳು. ಉದಯಶಂಕರರ ಕುತ್ತಿಗೆ ಬಲಕ್ಕೆ ವಾಲಿತು.

"ಬೀಡಿ ಕಟ್ಟುನಕ್ಲೆಗ್ ಡಿಗ್ರಿ ದಾಯೆಗ್ ಮಾರಾಯ್ತಿ," ಎಂದರು, ಶಬ್ನಾ ಕೂರುವ ಖಾಲಿ ಕುರ್ಚಿಯ ಕಡೆಗೆ. ಬೀಡಿ ಕಟ್ಟುವವರಿಗೆ ಪದವಿ ಯಾಕೆ ಎಂದು. ಕ್ಲಾಸಿನಲ್ಲಿ ಒಂದಿಬ್ಬರು ನಕ್ಕರು. ಸರ್ ಮುಖದಲ್ಲೂ ಕೆಟ್ಟದ್ದೇನಿರಲಿಲ್ಲ, ದಣಿವಿನ ಒಂದು ನಗೆ. ಆದರೆ ಲಾಯಿಲಕ್ಕೆ ಮುಖ ಹೋಗುತ್ತಿರಲಿಲ್ಲ. ಮೈಕಿನ ಕೆಂಪು ದೀಪ ಉರಿಯುತ್ತಿರುವುದನ್ನು ಶಬ್ನಾ ಕಿಟಕಿಯಿಂದಲೇ ಕಂಡಳು. ಲಾಯಿಲದ ಆ ಮಹಡಿಯಲ್ಲಿ ಕೂರುವವರಲ್ಲಿ ಬೀಡಿ ಕಟ್ಟದವರು ಇಬ್ಬರೋ ಮೂವರೋ.

ಸರ್ ಕನ್ನಡಕ್ಕೆ ಮರಳಿ ರೈತವಾರಿಯನ್ನು ಮತ್ತೊಮ್ಮೆ ಸಾವಕಾಶವಾಗಿ, ಎಂದಿಗಿಂತ ಚೆನ್ನಾಗಿ ವಿವರಿಸಿದರು. ಗೊತ್ತಾಯಿತಾ ಲಾಯಿಲ ಎಂದು ಕೇಳಿದರು. ತಂತಿ ಸರಿಯಿತ್ತು. ಅಲ್ಲಿಯ ಫ್ಯಾನಿನ ಸದ್ದು ಕೇಳುತ್ತಿತ್ತು. ಉತ್ತರ ಬರಲಿಲ್ಲ.

ಬಸ್ಸಿಗೆ ಕೊಡುವ ಮೊದಲು ಶಬ್ನಾ ಬಂಟ್ವಾಳದ ಸೀಡಿಯಿಂದ ಆ ಒಂದು ವಾಕ್ಯವನ್ನು ಕತ್ತರಿಸಿ ತೆಗೆದಳು. ಅಂಟಿಸಿದ ಗುರುತು ಕಾಣದ ಹಾಗೆ ಮಾಡಿದಳು. ಮನೆಗೆ ಓಡಿದಳು. ಮಗುವಿನ ಜ್ವರ ಬೆಳಗಿನ ಜಾವಕ್ಕೆ ಇಳಿಯಿತು.

ಭಾನುವಾರ ಲಾಯಿಲಕ್ಕೆ ಯಾರೂ ಬರಲಿಲ್ಲ. ಬೀಗ ತೆಗೆದು ಕೂತಿದ್ದೇನೆ, ಒಂದು ಕಾಗೆ ಬಂದಿದೆ ಎಂದು ಹುಕ್ರಪ್ಪ ಫೋನಿನಲ್ಲಿ ಹೇಳಿದ. ಮುಂದಿನ ವಾರವೂ ಹಾಗೆಯೇ. ಯೂನಿವರ್ಸಿಟಿಯವರು ಬರುವ ದಿನ ಹತ್ತಿರವಾಗುತ್ತಿದೆ, ಖಾಲಿ ಬೆಂಚು ತೋರಿಸುವುದಾ ಎಂದು ಕೃಷ್ಣಪ್ರಸಾದ್ ಚಿಂತೆಗೆ ಬಿದ್ದರು. ನೆಟ್ ಸರಿ ಇಲ್ಲವಾ ಎಂದು ಶಬ್ನಾಳನ್ನೇ ಕೇಳಿದರು. ನೆಟ್ ಸರಿ ಉಂಟು ಸರ್ ಎಂದಳು. ಉಳಿದದ್ದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೊದಲು ಉದಯಶಂಕರರ ಹತ್ತಿರ ಹೋದಳು.

ಅವರಿಗೆ ಅರ್ಥವೇ ಆಗಲಿಲ್ಲ. "ಅದು ನಾನು ತುಳುವಿನಲ್ಲಿ ಹೇಳಿದ್ದಲ್ವಾ?" ಎಂದರು. ಮುಖದಲ್ಲಿ ನಾಟಕವಿರಲಿಲ್ಲ.

ಅವಳು ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಹೆಡ್‌ಫೋನ್ ಕೊಟ್ಟು, ಕತ್ತರಿಸದ ಪಾಠವನ್ನು ಕೇಳಿಸಿದಳು. ಇಷ್ಟು ವರ್ಷ ಪಾಠ ಮಾಡಿದವರು ತಮ್ಮ ಸ್ವರವನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಆ ವಾಕ್ಯ ಬಂದಾಗ ಅವರು ತಲೆ ಎತ್ತಲಿಲ್ಲ. ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ. ಕೊನೆಗೆ, ಬರುವ ಶನಿವಾರ ಕ್ಲಾಸು ಶುರುವಾಗುವಾಗ ಒಂದು ಮಾತು ಹೇಳಿಬಿಡುವ ಎಂದರು.

"ಅಲ್ಲಿ ಕೇಳಲಿಕ್ಕೆ ಯಾರೂ ಇಲ್ಲ ಸರ್."

"ಹಾಗಾದ್ರೆ ನೀನೊಮ್ಮೆ ಹೋಗಿ ಬಾ."

ಉಳಿದದ್ದರಲ್ಲಿ ಇದೂ ಸೇರಿತು. ವಾರದ ನಡುವೆ ಶಬ್ನಾ ಲಾಯಿಲಕ್ಕೆ ಹೋಗಿ ಸೇಸಮ್ಮನ ಮನೆ ಹುಡುಕಿದಳು. ಸೇಸಮ್ಮನಿಗೆ ನಲವತ್ತರ ಹತ್ತಿರ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ. ಪಕ್ಕದಲ್ಲಿ ರುಕಿಯಾ, ಅವಳೂ ಅದೇ ಕ್ಲಾಸಿನವಳು, ಅವಳ ಮಡಿಲಲ್ಲೂ ತಡ್ಪೆ. ಕೂತುಕೊಳ್ಳಿ ಟೀಚರೇ ಎಂದರು. ಬೆಲ್ಲ ನೀರು ಕೊಟ್ಟರು. ಬಸ್ಸಿನಲ್ಲಿ ರಶ್ ಇತ್ತಾ ಎಂದು ಕೇಳಿದರು. ಬೆರಳುಗಳು ನಿಲ್ಲಲಿಲ್ಲ.

ಸರ್‌ಗೆ ಬೇಜಾರಾಗಿದೆ ಎಂದು ಶಬ್ನಾ ಹೇಳಿದಳು. ಸೇಸಮ್ಮ ಒಂದು ಬೀಡಿಯ ಬಾಯಿ ಮಡಚಿ, ನೂಲು ಸುತ್ತಿ ಪಕ್ಕಕ್ಕಿಟ್ಟಳು.

"ಅವರು ಹೇಳಿದ್ದಕ್ಕೆ ಅಷ್ಟು ಬೇಜಾರಿಲ್ಲ. ಎದುರು ನಿಂತು ಹೇಳಿದ್ದಿದ್ರೆ ನಾವೂ ಒಂದು ಹೇಳ್ತಿದ್ದೆವು, ಮುಗೀತಿತ್ತು. ಆ ಡಬ್ಬದ ಒಳಗಿಂದ ಹೇಳಿದ್ರೆ ಯಾರಿಗೆ ತಿರುಗಿ ಹೇಳುವುದು?"

ಶಬ್ನಾ ಬೆಲ್ಲ ನೀರಿನ ಲೋಟ ಎತ್ತಿಕೊಂಡಳು. ಸೇಸಮ್ಮ ಮುಂದುವರಿಸಿದಳು. "ಬಂಟ್ವಾಳದ ಸೀಡಿಯಲ್ಲಿ ಆ ಮಾತೇ ಇಲ್ಲವಂತೆ. ನನ್ನ ತಂಗಿ ಅಲ್ಲಿ ಕ್ಲಾಸಿಗೆ ಹೋಗ್ತಾಳೆ. ನೀವಾ ತೆಗೆದದ್ದು?"

"ಹೌದು."

"ಹಾಗಾದ್ರೆ ಪಾಠದ ನಡುನಡುವೆ ಸ್ವರ ಹೋಗ್ತಿತ್ತಲ್ಲ, ಅದೂ ನೀವೇನಾ? ನಾವು ಕರೆಂಟು ಅಂತ ತಿಳ್ಕೊಂಡಿದ್ದೆವು. ಅಷ್ಟು ಸಲವೂ ನಮ್ಮ ಬಗ್ಗೆ ಏನೋ ಹೇಳ್ತಿದ್ರಾ?"

ಶಬ್ನಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಚಾ ಬಂತಾ ಎಂದು ಕೇಳಿದ್ದು, ಸೆಖೆಗೆ ಬೈದದ್ದು, ರಂಗಸ್ಥಳದ ತಮಾಷೆ — ಅವಳು ಮುಚ್ಚಿದ ಮಾತುಗಳೆಲ್ಲ ಇಂಥವೇ. ಆದರೆ ಮುಚ್ಚಿದ್ದನ್ನು ತೆರೆದು ತೋರಿಸುವುದು ಹೇಗೆ? ಗುಂಡಿ ಒತ್ತಿದ ಮೇಲೆ ಎಲ್ಲಿಯೂ ಏನೂ ಉಳಿಯುವುದಿಲ್ಲ. ಒಬ್ಬರ ಮರ್ಯಾದೆ ಕಾಯಲು ಮಾಡಿದ್ದೆಲ್ಲ ಇನ್ನೊಬ್ಬರ ಕಡೆಯಿಂದ ನೋಡಿದರೆ ಬಾಗಿಲು ಹಾಕಿ ಪಿಸುಗುಟ್ಟಿದ ಹಾಗೆ ಕಾಣುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಅಂದು ನಾನು ಮಗುವಿಗೆ ಜ್ವರವೆಂದು ಎದ್ದು ಹೋಗಿದ್ದೆ ಎಂದು ಹೇಳಬೇಕೆನಿಸಿತು. ಹೇಳಿದರೆ, ಇಲ್ಲದಿದ್ದರೆ ಆ ಮಾತನ್ನೂ ಮುಚ್ಚುತ್ತಿದ್ದಿರಾ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ.

"ಬೇರೆಲ್ಲ ಸುಮ್ಮನೆ ಮಾತು. ನಿಮ್ಮ ಬಗ್ಗೆ ಅಲ್ಲ," ಎಂದಳು. "ನಂಬಿಸಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ ಸೇಸಕ್ಕ."

ರುಕಿಯಾ ಅವಳ ಮುಖವನ್ನು ನೋಡುತ್ತಾ ಇದ್ದವಳು ತಮ್ಮಿಬ್ಬರ ಮನೆಮಾತಾದ ಬ್ಯಾರಿಯಲ್ಲಿ, ಮಗು ಎಷ್ಟು ದೊಡ್ಡದು ಎಂದು ಕೇಳಿದಳು. ಅಂಗಿಯ ಹೆಗಲಲ್ಲಿ ಔಷಧಿಯ ಕಲೆ ಇದ್ದದ್ದು ಶಬ್ನಾಳಿಗೆ ಆಗ ಗೊತ್ತಾಯಿತು. ಹೊರಡುವಾಗ ಸೇಸಮ್ಮ, ಸರ್ ಒಂದು ಸಲ ಇಲ್ಲಿಗೆ ಬಂದು ಪಾಠ ಮಾಡಲಿ, ಬರುತ್ತಾರೆ ಅಂತಾದರೆ ನಾನು ಎಲ್ಲರಿಗೂ ಹೇಳಿ ಕಳಿಸುತ್ತೇನೆ ಎಂದಳು. ಮಾತು ಮೆತ್ತಗಿತ್ತು, ಷರತ್ತು ಗಟ್ಟಿಯಿತ್ತು.

ಉದಯಶಂಕರರು ಮೊದಲು ಮಂಡಿನೋವು ಎಂದರು. ಆಮೇಲೆ, ಇಲ್ಲಿಂದ ಹೋಗಬಾರದೆಂದೇ ಅಲ್ವಾ ಈ ಮೆಷಿನ್ ತಂದದ್ದು ಎಂದರು. ಶಬ್ನಾ ವಾದಿಸಲಿಲ್ಲ. ವಾದಿಸುವಷ್ಟು ತ್ರಾಣವೂ ಇರಲಿಲ್ಲ. ಶನಿವಾರ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿ ಹೋದಳು. ಶನಿವಾರ ಅವರು ಅವಳಿಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ವೇಣೂರಿನವರೆಗೆ ಕಾಲೇಜಿನ ರಾಜಕೀಯ ಮಾತಾಡಿದರು. ಗುರುವಾಯನಕೆರೆ ದಾಟಿದ ಮೇಲೆ ಮಾತು ನಿಂತಿತು.

ಮಹಡಿಯಲ್ಲಿ ಹೆಂಗಸರು ಬಂದು ಕೂತಿದ್ದರು. ಎಲ್ಲರೂ ಬಂದಿರಲಿಲ್ಲ, ಆದರೆ ಬೆಂಚುಗಳು ತುಂಬಿದ ಹಾಗೆ ಕಾಣುತ್ತಿತ್ತು. ಸರ್ ಎದುರು ನಿಂತು ಗಂಟಲು ಸರಿಮಾಡಿಕೊಂಡು, ಭಾಷಣದ ಕನ್ನಡದಲ್ಲಿ, ಅಂದು ತಮ್ಮಿಂದ ಆಡಬಾರದ ಮಾತೊಂದು ಬಂದುಹೋಯಿತು ಎಂದು ಶುರುಮಾಡಿದರು. ಒಂದೆರಡು ವಾಕ್ಯಕ್ಕೆ ಮಾತು ಮುಗಿದುಹೋಯಿತು. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಫ್ಯಾನು ತಿರುಗುತ್ತಿತ್ತು.

"ಡಬ್ಬದಲ್ಲಿ ನೀವು ದಪ್ಪ ಕಾಣ್ತೀರಿ ಸರ್," ಎಂದಳು ರುಕಿಯಾ ಹಿಂದಿನಿಂದ. ಎಲ್ಲರೂ ನಕ್ಕರು. ಸರ್ ಕೂಡ.

ಆಗ ಸೇಸಮ್ಮ ಎದ್ದು ನಿಂತಳು. "ಡಿಗ್ರಿ ಯಾಕೆ ಅಂತ ಕೇಳಿದ್ರಲ್ಲ ಸರ್. ಕೆಲಸ ಸಿಗ್ತದೆ ಅಂತ ಅಲ್ಲ, ನಮಗೆ ಗೊತ್ತುಂಟು. ಬೀಡಿ ಕಟ್ಟುವಾಗ ಕೈಗೆ ಕೆಲಸ, ತಲೆ ಖಾಲಿ. ಖಾಲಿ ಇದ್ರೆ ಅದು ಬೇಡದ್ದನ್ನೇ ತಿರುಗಿಸ್ತಾ ಇರ್ತದೆ. ತಿರುಗಿಸ್ಲಿಕ್ಕೆ ಬೇರೆ ಏನಾದ್ರೂ ಬೇಕಿತ್ತು. ಅಷ್ಟೇ." ಅವಳು ಕೂತಳು. ಮತ್ತೆ ಅರ್ಧ ಎದ್ದು, "ರೈತವಾರಿ ಇನ್ನೂ ತಿಳಿಲಿಲ್ಲ," ಎಂದಳು.

ಉದಯಶಂಕರರು ಅಂದು ರೈತವಾರಿಯನ್ನು ಲಾಯಿಲದ ಗದ್ದೆಗಳನ್ನೇ ಹಿಡಿದು ಹೇಳಿದರು. ಯಾರ ಗದ್ದೆ, ಯಾರು ಉಳುವವರು, ಯಾರು ಯಾರಿಗೆ ಎಷ್ಟು ಅಳೆಯಬೇಕು. ಹೇಳುತ್ತಾ ಹೇಳುತ್ತಾ ನಡೆದು ಹಿಂದಿನ ಬೆಂಚಿನವರೆಗೂ ಹೋದರು. ಮೂಲೆಯಲ್ಲಿ ಕೂತಿದ್ದ ಶಬ್ನಾಳಿಗೆ ನಿದ್ದೆ ಒತ್ತಿ ಬರುತ್ತಿತ್ತು. ಒತ್ತಲು ಗುಂಡಿಯಿಲ್ಲದ ಬೆರಳು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಪಾಠ ಮುಗಿದಾಗ ಸೇಸಮ್ಮ ತಮ್ಮೆಲ್ಲರ ಪರವಾಗಿ ಹೇಳಿದಳು. ಮುಂದಿನ ವಾರದಿಂದ ಕ್ಲಾಸಿಗೆ ಬರುತ್ತೇವೆ. ಡಬ್ಬದಲ್ಲೇ ಆಗಲಿ. ಆದರೆ ಶಬ್ನಾ ಟೀಚರ್ ಅಲ್ಲಿ ಸರ್ ಹತ್ತಿರ ಅಲ್ಲ, ಇಲ್ಲಿ ನಮ್ಮ ಹತ್ತಿರ ಕೂತುಕೊಳ್ಳಲಿ. ಆಗ ನಮಗೆ ಅನುಮಾನ ಬರುವುದಿಲ್ಲ.

"ಅದಕ್ಕೇನಂತೆ, ಬರ್ತಾಳೆ," ಎಂದರು ಉದಯಶಂಕರರು ತಟ್ಟನೆ. ಕ್ಷಮೆ ಸಿಕ್ಕಿದ ಹಗುರದಲ್ಲಿ ಅವರು ಶಬ್ನಾಳ ಕಡೆ ತಿರುಗಿಯೂ ನೋಡಲಿಲ್ಲ.

ಡಿಸೆಂಬರಿನ ಆಚೆಗಿದ್ದ ಆ ನಾಲ್ಕು ಗಂಟೆ, ಹಗಲಿರುವಾಗಲೇ ಮನೆಗೆ ತಲುಪುವ ಬಸ್ಸು, ಎಲ್ಲವೂ ಆ ಎರಡು ಮಾತಿನಲ್ಲಿ ಹೋಯಿತು. ಕ್ಲಾಸು ಉಳಿಯಿತು, ಯಾವುದಕ್ಕಾಗಿ ಅದನ್ನು ಉಳಿಸಲು ಓಡಾಡಿದಳೋ ಅದು ಉಳಿಯಲಿಲ್ಲ. ಆಗುವುದಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಎದುರಿಗೆ ಅಷ್ಟು ಮುಖಗಳಿದ್ದವು. ತೆರೆದ ಬಾಯಿಯಲ್ಲಿ ಆಕಳಿಕೆ ಬಂತು.

ಮರಳುವಾಗ ಬಸ್ಸಿನಲ್ಲಿ ಸರ್ ಉಲ್ಲಾಸದಲ್ಲಿದ್ದರು. ಇನ್ನು ಮೇಲೆ ಗುಂಡಿ ನಾನೇ ಒತ್ತಿಕೊಳ್ಳುತ್ತೇನೆ, ಎಲ್ಲಿ ಒತ್ತುವುದು ತೋರಿಸಿಕೊಡು ಎಂದರು. ಶಬ್ನಾ ಕಿಟಕಿಯ ಹೊರಗೆ ನೋಡುತ್ತಾ ಲೆಕ್ಕ ಹಾಕುತ್ತಿದ್ದಳು. ಶನಿ ಭಾನು ಲಾಯಿಲ. ಸೋಮವಾರದಿಂದ ಲ್ಯಾಬು, ನಡುವೆ ಒಮ್ಮೆ ಬಂಟ್ವಾಳ. ಅಳುವುದರಿಂದ ಪ್ರಯೋಜನವಿಲ್ಲ. ಕೇಳಬಹುದಾದದ್ದು ಏನಾದರೂ ಉಂಟೋ ಎಂದು ಹುಡುಕಿದರೆ ಒಂದೇ ಒಂದು ದಿನ ಕೈಗೆ ಸಿಕ್ಕಿತು.

ಮರುದಿನ ಕೃಷ್ಣಪ್ರಸಾದರಿಗೆ ಹೇಳಿದಳು: ಲಾಯಿಲಕ್ಕೆ ಹೋಗುತ್ತೇನೆ, ಸೋಮವಾರ ಬರುವುದಿಲ್ಲ. ರಜೆಯಾ ಎಂದು ಅವರು ಕೇಳಿದರು. ರಜೆಯಲ್ಲ, ಸೋಮವಾರ ಎಂದೂ ಬರುವುದಿಲ್ಲ ಎಂದಳು.

"ಮತ್ತೆ ಲ್ಯಾಬ್ ಯಾರು ನೋಡುವುದು?"

ಇಷ್ಟು ವರ್ಷ ಅಂಥ ಪ್ರಶ್ನೆಗೆ ಅವಳ ಹತ್ತಿರ ಸಿದ್ಧ ಉತ್ತರವಿತ್ತು: ನಾನೇ ಏನಾದರೂ ಮಾಡುತ್ತೇನೆ ಸರ್. ಅದು ನಾಲಿಗೆಯ ತುದಿಯವರೆಗೆ ಬಂತು.

"ಗೊತ್ತಿಲ್ಲ ಸರ್," ಎಂದಳು.

ಕೃಷ್ಣಪ್ರಸಾದ್ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಯೂನಿವರ್ಸಿಟಿಯವರು ಬಂದು ಹೋಗುವವರೆಗೆ ಹಾಗೇ ಆಗಲಿ, ಆಮೇಲೆ ನೋಡುವ ಎಂದರು. ಆಮೇಲೆ ಎಂಬುದರ ಬೆಲೆ ಅವಳಿಗೆ ಈಗ ಗೊತ್ತಿತ್ತು. ಅದನ್ನು ಆಮೇಲೆಯೇ ನೋಡಿಕೊಂಡರಾಯಿತು ಎಂದು ಹೊರಗೆ ಬಂದಳು.

ಮೊದಲ ಸೋಮವಾರ ಶಹಲಾ ಎದ್ದು ಕಣ್ಣುಜ್ಜಿ ತಾಯಿಯನ್ನು ಕಂಡು, ಅವಳನ್ನು ಬಳಸಿ ದಾಟಿ ಅಡುಗೆಮನೆಗೆ, ಅಜ್ಜಿಯ ಕಡೆಗೆ ಹೋದಳು. ಶಬ್ನಾ ಕರೆಯಲಿಲ್ಲ. ಚಾಪೆ ಮಡಚಿದಳು, ಮಗುವಿನ ಬಟ್ಟೆ ಒಗೆದಳು. ಮಧ್ಯಾಹ್ನ ಖದೀಜ, ನನ್ನ ಸೊಂಟ ಹಿಡಿದಿದೆ, ಇವತ್ತು ನೀನೇ ಉಣ್ಣಿಸು ಎಂದು ತಟ್ಟೆಯನ್ನು ಅವಳ ಕೈಗಿಟ್ಟು ಒಳಗೆ ಮಲಗಿದರು. ಸೊಂಟಕ್ಕೆ ಏನೂ ಆಗಿರಲಿಲ್ಲ. ಶಬ್ನಾ ನೆಲದಲ್ಲಿ ಕೂತು ಅನ್ನ ಕಿವುಚಿ, ಮೀನಿನ ಮುಳ್ಳು ಬಿಡಿಸಿ, ತುತ್ತು ಹಿಡಿದು ಕಾದಳು. ಮಗು ದೂರದಿಂದ ನೋಡಿತು. ಒಂದು ಹೆಜ್ಜೆ ಬಂತು. ನಿಂತಿತು. ಮತ್ತೆ ಬಂದು, ಹೊಸಬರ ಕೈಯಿಂದ ತಿನ್ನುವ ಗಾಂಭೀರ್ಯದಲ್ಲಿ ಬಾಯಿ ತೆರೆಯಿತು.

ಮೂರನೆಯ ತುತ್ತಿಗೆ ಮೊಬೈಲು ರಿಂಗಾಯಿತು. ಶುಭಶ್ರೀ ಮೇಡಂ. ಶನಿವಾರದ ಪಾಠದ್ದು ಪರದೆಯ ಮೇಲೆ ತೆರೆಯುತ್ತಿಲ್ಲ, ಏನೋ ಒತ್ತಿದೆ, ಎಲ್ಲ ನೀಲಿಯಾಗಿದೆ, ಈಗ ಎಂತ ಮಾಡುವುದು ಎಂದು ಹೊಳೆಯಾಚೆಯಿಂದ ಕೂಗಿದ ಹಾಗೆ ಕೇಳಿದರು. ಎಂತ ಮಾಡಬೇಕೆಂದು ಶಬ್ನಾಳಿಗೆ ಗೊತ್ತಿತ್ತು. ಹೇಳಲು ಹೆಚ್ಚು ಹೊತ್ತೂ ಬೇಕಿರಲಿಲ್ಲ. ಮಗು ಅವಳ ಬೆರಳನ್ನು ಹಿಡಿದುಕೊಂಡು ಇನ್ನೊಂದು ತುತ್ತಿಗೆ ಎಳೆಯುತ್ತಿತ್ತು.

"ನಾಳೆ ನೋಡುವ ಮೇಡಂ," ಎಂದಳು, ಮತ್ತು ಎಡಗೈಯಲ್ಲಿ ಫೋನನ್ನು ಕೆಳಗಿಟ್ಟಳು.